ಬಿ.ಪಿ. ಗುಳಿಗೆ ಹುಡುಗನಿಗೆ ಯಾಕೆ ಎಂದವರಿಗೆ

ವಂಶದಲ್ಲಿ ಇಳಿದುಬರುವ ಅಪರೂಪದ ಕಿಡ್ನಿ ಕಾಯಿಲೆಗಳಿಗೆ, ಬೇರೆ ರೋಗಕ್ಕೆಂದು ಬಂದ ಹಳೆಯ ಔಷಧಗಳನ್ನೇ ಬಳಸಬೇಕು ಎಂದು ನಾನು ಬರೆದದ್ದು ಹಲವರಿಗೆ ಹಿಡಿಸಿಲ್ಲ. ಆಕ್ಷೇಪ ಪತ್ರದಲ್ಲಿ ಬಂದಿದೆ, ಯಲವಿಗಿ ಸ್ಟೇಷನ್ನಿನಲ್ಲಿ ಗಾಡಿ ಕಾಯುತ್ತ ನಿಂತಾಗ ಬಂದಿದೆ, ನನ್ನ ಔಷಧ ಅಂಗಡಿಯ ಕೌಂಟರಿನ ಆಚೆಯಿಂದ ಬಂದಿದೆ. ಆಕ್ಷೇಪಿಸಿದವರಲ್ಲಿ ಡಾಕ್ಟರಿದ್ದಾರೆ, ನಿವೃತ್ತ ಮಾಸ್ತರಿದ್ದಾರೆ, ಜನರ ಆರೋಗ್ಯಕ್ಕಾಗಿ ಬೀದಿಗಿಳಿದು ಹೋರಾಡಿದವರೂ ಇದ್ದಾರೆ. ಎಲ್ಲರ ಮಾತೂ ಒಂದೇ ತೂಕದ್ದಲ್ಲ. ಕೆಲವಕ್ಕೆ ಎರಡು ಸಾಲು ಸಾಕು, ಒಂದೆರಡಕ್ಕೆ ಕೂತು ಉತ್ತರಿಸಬೇಕು, ಒಂದನ್ನಂತೂ ನಾನು ಬಹುಪಾಲು ಒಪ್ಪುತ್ತೇನೆ.

ಎಲ್ಲಕ್ಕಿಂತ ಹೆಚ್ಚು ಕೇಳಿಬಂದದ್ದು ಇದು: "ಬಿ.ಪಿ. ಗುಳಗಿ ಹತ್ತು ವರ್ಷದ ಹುಡುಗಗ ಯಾಕ್ರಿ? ಒಂದ್ ರೋಗದ್ದು ಇನ್ನೊಂದಕ್ಕ ಕೊಡೂದಂದ್ರ ಕತ್ತಲಾಗ ಕಲ್ಲು ಒಗದಂಗ ಆತಲ್ಲ?"

ಗುಳಿಗೆಗೆ ರೋಗದ ಹೆಸರು ಗೊತ್ತಿರುವುದಿಲ್ಲ. ದೇಹದಲ್ಲಿ ನಡೆಯುವ ಯಾವುದೋ ಒಂದು ಕೆಲಸವನ್ನು ಅದು ತಡೆಯುತ್ತದೆ, ಇಲ್ಲವೇ ಚುರುಕು ಮಾಡುತ್ತದೆ. ಎರಡು ರೋಗಗಳ ಬೇರು ಆ ಒಂದೇ ಕೆಲಸದಲ್ಲಿದ್ದರೆ ಒಂದೇ ಗುಳಿಗೆ ಎರಡಕ್ಕೂ ಆಗುತ್ತದೆ. ಅಲೋಪ್ಯೂರಿನಾಲ್ ಗುಳಿಗೆಯನ್ನು ನಾವು ಕೊಡುವುದು ಹೆಬ್ಬೆರಳ ಸಂದಿನಲ್ಲಿ ಯೂರಿಕ್ ಆಮ್ಲ ಕೂತು ನರಳುವವರಿಗೆ. ಎ.ಪಿ.ಆರ್.ಟಿ. ಎಂಬ ಕಿಣ್ವ ಹುಟ್ಟಿನಿಂದಲೇ ಇಲ್ಲದ ಕೆಲವರಿದ್ದಾರೆ. ಅವರ ಕಿಡ್ನಿಯಲ್ಲಿ ಬೇರೆಯೇ ಒಂದು ವಸ್ತು ಹರಳುಗಟ್ಟಿ, ಕಲ್ಲಾಗಿ, ಕಡೆಗೆ ಕಿಡ್ನಿಯನ್ನೇ ಮುಗಿಸುತ್ತದೆ. ಸಂದಿನ ಹರಳು, ಕಿಡ್ನಿಯ ಹರಳು ಎರಡೂ ತಯಾರಾಗುವುದು ಒಂದೇ ಕಿಣ್ವದ ಕೈಯಿಂದ. ಆ ಕೈಯನ್ನು ಅಲೋಪ್ಯೂರಿನಾಲ್ ಕಟ್ಟಿಹಾಕುತ್ತದೆ. ಇದರಲ್ಲಿ ಕತ್ತಲೆ ಎಲ್ಲಿ ಬಂತು?

ಇನ್ನೊಂದು ಉದಾಹರಣೆ ಮೊದಲು ಕೇಳಿದವರಿಗೆ ತಲೆಕೆಳಗಾಗಿ ಕಾಣುತ್ತದೆ. ಕೆಲವು ಗಂಡುಮಕ್ಕಳಿಗೆ ಹುಟ್ಟಿನಿಂದಲೇ ಕಿಡ್ನಿಗೆ ನೀರು ಹಿಡಿದಿಡಲು ಬರುವುದಿಲ್ಲ. ಕೂಸು ಹಾಲು ಬಿಟ್ಟು ನೀರಿಗೇ ಅಳುತ್ತದೆ, ಬಟ್ಟೆ ಬದಲಿಸಿ ಬದಲಿಸಿ ತಾಯಿಗೆ ಸಾಕಾಗುತ್ತದೆ, ಮೈ ಒಣಗಿ ಜ್ವರ ಬರುತ್ತದೆ. ಇಂಥವರಿಗೆ ಡಾಕ್ಟರು ಬರೆಯುವುದು ಥಯಾಝೈಡ್, ಅಂದರೆ ಮೂತ್ರ ಹೆಚ್ಚು ಹೋಗಲಿ ಎಂದು ಬಿ.ಪಿ. ರೋಗಿಗಳಿಗೆ ಕೊಡುವ ಔಷಧ! 1959ರಲ್ಲಿ ಕ್ರಾಫರ್ಡ್ ಮತ್ತು ಕೆನೆಡಿ ಎಂಬ ಇಬ್ಬರು ಇದನ್ನು ತೋರಿಸಿಕೊಟ್ಟರು. ಔಷಧ ದೇಹದ ಉಪ್ಪನ್ನು ಸ್ವಲ್ಪ ಹೊರಗೆ ತಳ್ಳುತ್ತದೆ. ಉಪ್ಪು ಕಡಿಮೆಯಾಯಿತೆಂದು ಕಿಡ್ನಿ ಎಚ್ಚೆತ್ತು, ಸೋಸಿದ ನೀರನ್ನೂ ಉಪ್ಪನ್ನೂ ಮೊದಲ ಹಂತದ ನಾಳದಲ್ಲೇ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಮುಂದಿನ ಕೆಟ್ಟ ನಾಳದವರೆಗೆ ಹೋಗುವ ನೀರೇ ಕಡಿಮೆ. ಕೂಸಿನ ಮೂತ್ರ ಇಳಿಯುತ್ತದೆ. ಚೀಟಿಯ ಮೇಲೆ ಈ ಹೆಸರು ನೋಡಿ "ಡಾಕ್ಟ್ರು ತಪ್ಪಿ ಬರದಾರ" ಎಂದು ಔಷಧ ಕೊಡದೆ ವಾಪಸ್ ಕಳಿಸುವ ಅಂಗಡಿಯವರಿದ್ದಾರೆ. ನನ್ನ ಕಸುಬಿನವರಿಗೆ ಹೇಳುವುದಿಷ್ಟೇ: ಸಂಶಯ ಬಂದರೆ ಚೀಟಿ ಬರೆದವರಿಗೆ ಫೋನ್ ಮಾಡಿ, ತಾಯಿಯನ್ನು ಹೆದರಿಸಬೇಡಿ.

ಈಗ ಹುಡುಗನ ಬಿ.ಪಿ. ಗುಳಿಗೆಗೆ ಬರುತ್ತೇನೆ. 1927ರಲ್ಲಿ ಆರ್ಥರ್ ಸೆಸಿಲ್ ಆಲ್‌ಪೋರ್ಟ್ ಎಂಬ ದಕ್ಷಿಣ ಆಫ್ರಿಕಾ ಮೂಲದ ವೈದ್ಯರು ಒಂದು ಮನೆತನದ ಕಥೆಯನ್ನು ವೈದ್ಯ ಪತ್ರಿಕೆಯಲ್ಲಿ ಬರೆದರು. ಆ ಮನೆಯಲ್ಲಿ ತಲೆಮಾರಿನಿಂದ ತಲೆಮಾರಿಗೆ ಮೂತ್ರದಲ್ಲಿ ರಕ್ತ, ಜೊತೆಗೆ ಕಿವುಡು. ಗಂಡಸರು ಎಳೆಯ ವಯಸ್ಸಿಗೇ ಸಾಯುತ್ತಿದ್ದರು, ಹೆಂಗಸರು ಬದುಕುತ್ತಿದ್ದರು. ಕಿಡ್ನಿಯ ಸೋಸುವ ಪರದೆಗೂ ಒಳಕಿವಿಗೂ ಒಂದೇ ಬಗೆಯ ಕೊಲ್ಯಾಜೆನ್ ಬೇಕು. ಅದನ್ನು ಕಟ್ಟುವ ಜೀನ್ ಕೆಟ್ಟಿದ್ದರೆ ಎರಡೂ ಸೋಲುತ್ತವೆ. ಈ ಕಾಯಿಲೆಗೆ ಆಲ್‌ಪೋರ್ಟ್ ಅವರ ಹೆಸರೇ ನಿಂತಿದೆ. ಹೆಚ್ಚಿನ ಮನೆಗಳಲ್ಲಿ ಈ ಜೀನ್ ಇರುವುದು ಎಕ್ಸ್ ವರ್ಣತಂತುವಿನ ಮೇಲೆ. ಹಾಗಾಗಿ ಇದು ತಾಯಿಯ ಕಡೆಯಿಂದ ಮಗನಿಗೆ ಬರುತ್ತದೆ. ನಮ್ಮ ಭಾಗದಲ್ಲಿ ಹೇಳುವ ರೀತಿಯಲ್ಲಿ ಹೇಳಿದರೆ: ಸೋದರಮಾವಗ ಕಿವಿ ಮಂದ ಇತ್ತು, ಮದುವಿ ಆಗಿ ಎರಡು ವರ್ಷಕ್ಕ ಮುಖ ಬಾತು ತೀರಿಕೊಂಡ, ಈಗ ಅಕ್ಕನ ಮಗಗ ಶಾಲ್ಯಾಗ ಹಿಂದಿನ ಸಾಲಿಗೆ ಕೂತ್ರ ಮಾಸ್ತರ ಮಾತು ಕೇಳವಲ್ದು. ಈ ಎರಡು ವಾಕ್ಯಗಳನ್ನು ಒಟ್ಟಿಗೆ ಇಟ್ಟು ನೋಡುವವರು ಮನೆಯಲ್ಲಿ ಇರುವುದಿಲ್ಲ. ಮಾವನ ಸಾವು ಒಂದು ಮನೆಯ ದುಃಖ, ಹುಡುಗನ ಕಿವಿ ಇನ್ನೊಂದು ಮನೆಯ ಚಿಂತೆ.

ಇಂಥ ಹುಡುಗನ ಚೀಟಿಯ ಮೇಲೆ ಬರುವುದು ರಾಮಿಪ್ರಿಲ್. ಇದು ಎ.ಸಿ.ಇ. ಎಂಬ ಕಿಣ್ವವನ್ನು ತಡೆಯುವ ಔಷಧಗಳ ಗುಂಪಿನದು. ಬ್ರೆಝಿಲಿನ ಒಂದು ವಿಷಸರ್ಪದ ವಿಷವನ್ನು ಅಭ್ಯಸಿಸುತ್ತ ಹೊರಟ ದಾರಿಯಲ್ಲಿ ಈ ಗುಂಪಿನ ಮೊದಲ ಗುಳಿಗೆ ಕ್ಯಾಪ್ಟೊಪ್ರಿಲ್ ಸಿಕ್ಕಿತು. 1981ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ದೊರೆಯಿತು. ಬಿ.ಪಿ. ಇಳಿಸುವುದಕ್ಕೆಂದೇ ಬಂದದ್ದು. ಆದರೆ ಈ ಗುಂಪಿನ ಔಷಧಗಳು ಕಿಡ್ನಿಯ ಸೋಸುವ ಗಂಟಿನ ಒಳಗಿನ ಒತ್ತಡವನ್ನೂ ಇಳಿಸುತ್ತವೆ, ಪ್ರೋಟೀನ್ ಸೋರುವುದನ್ನು ಕಡಿಮೆ ಮಾಡುತ್ತವೆ. ಪರದೆ ಹುಟ್ಟಿನಿಂದಲೇ ತೆಳುವಾಗಿರುವ ಹುಡುಗನಿಗೆ ಬೇಕಾದದ್ದು ಅದೇ.

ಎಷ್ಟು ಲಾಭ? ಯುರೋಪಿನ ಆಲ್‌ಪೋರ್ಟ್ ರೋಗಿಗಳ ದಾಖಲೆಯನ್ನು ಆಧರಿಸಿ 2012ರಲ್ಲಿ ಓಲಿವರ್ ಗ್ರಾಸ್ ಮತ್ತು ಸಂಗಡಿಗರು ಪ್ರಕಟಿಸಿದ ಲೆಕ್ಕ ಹೀಗಿದೆ. ಔಷಧವಿಲ್ಲದೆ ಬಿಟ್ಟವರು ಡಯಾಲಿಸಿಸ್‌ಗೆ ಬಂದ ಮಧ್ಯಾಂಕ ವಯಸ್ಸು 22. ಕಿಡ್ನಿ ಆಗಲೇ ಸೋಲತೊಡಗಿದ ಮೇಲೆ ಔಷಧ ಹಿಡಿದವರಿಗೆ 25. ಮೂತ್ರದಲ್ಲಿ ಪ್ರೋಟೀನ್ ಸೋರುವ ಹಂತದಲ್ಲೇ ಹಿಡಿದವರಿಗೆ 40. ತಡವಾಗಿ ಕೊಟ್ಟರೆ ಮೂರು ವರ್ಷ, ಹೊತ್ತಿಗೆ ಕೊಟ್ಟರೆ ಹದಿನೆಂಟು ವರ್ಷ. ಗುಳಿಗೆ ಅದೇ, ಬೆಲೆ ಅದೇ, ಒಂದು ಗುಳಿಗೆಗೆ ಕೆಲವೇ ರೂಪಾಯಿ. ಹಳೆಯ ಔಷಧದ ವಿಚಾರದಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಮಾತೂ ಇದೇ: ಔಷಧ ಹುಡುಕುವುದಕ್ಕಿಂತ ರೋಗಿಯನ್ನು ಬೇಗ ಹುಡುಕುವುದು ನಮಗೆ ಕಷ್ಟವಾಗಿರುವ ಕೆಲಸ.

ಹಾವೇರಿ ಕಡೆಯ ಒಬ್ಬ ಡಾಕ್ಟರು ಇದಕ್ಕೆ ಸರಿಯಾದ ಪಟ್ಟು ಹಾಕಿದ್ದಾರೆ. "ಅದು ಬರೀ ದಾಖಲೆಯ ಲೆಕ್ಕ. ಮೊದಲೇ ಔಷಧ ಸಿಕ್ಕವರು ಮೊದಲೇ ಆಸ್ಪತ್ರೆಗೆ ಬಂದವರು, ಅವರ ರೋಗವೇ ಸೌಮ್ಯವಿದ್ದಿರಬಹುದು. ಚೀಟಿ ಎತ್ತಿ ಎರಡು ಗುಂಪು ಮಾಡಿ ನೋಡಿದ್ದಾರೇನು?" ನೋಡಿದ್ದಾರೆ. ಜರ್ಮನಿಯಲ್ಲಿ 66 ಮಕ್ಕಳ ಮೇಲೆ ನಡೆದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಅದರಲ್ಲಿ ಚೀಟಿ ಎತ್ತಿ ಹಂಚಿದ ಭಾಗ ಸಣ್ಣದು. ಆ ಭಾಗದಲ್ಲಿ ರೋಗ ಮುಂದುವರಿಯುವ ಅಪಾಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಂತೆ ಕಂಡರೂ, ಮಕ್ಕಳ ಸಂಖ್ಯೆ ಕಡಿಮೆ ಇದ್ದುದರಿಂದ ಅದನ್ನು ಗಣಿತದ ಪ್ರಕಾರ ಖಚಿತವೆನ್ನಲು ಬರುವುದಿಲ್ಲ. ಔಷಧ ಮಕ್ಕಳಿಗೆ ಸುರಕ್ಷಿತ ಎಂಬುದು ಮಾತ್ರ ಸ್ಪಷ್ಟವಾಗಿ ಕಂಡಿತು. ಅಪರೂಪದ ರೋಗದ ಪಾಡೇ ಇದು. ಸಾವಿರಾರು ಮಕ್ಕಳನ್ನು ಎಲ್ಲಿಂದ ತರುವುದು? ಸಿಕ್ಕುವ ಸಾಕ್ಷ್ಯವೆಲ್ಲ ಒಂದೇ ದಿಕ್ಕಿಗೆ ಕೈ ತೋರಿಸುತ್ತಿರುವಾಗ, ಅಪಾಯ ಗೊತ್ತಿರುವ, ದಶಕಗಳಿಂದ ಬಳಕೆಯಲ್ಲಿರುವ ಗುಳಿಗೆಯನ್ನು ತಡೆಹಿಡಿಯುವುದೂ ಒಂದು ನಿರ್ಧಾರವೇ. ಅದರ ಬೆಲೆಯನ್ನು ತೆರುವವನು ಹುಡುಗ.

ಎರಡನೆಯ ಆಕ್ಷೇಪ ಹೋರಾಟದ ಗೆಳೆಯರದು. ಬಡವರ ಮಕ್ಕಳನ್ನು ಪ್ರಯೋಗದ ಇಲಿ ಮಾಡುತ್ತೀರಾ ಎಂದು ಅವರು ಕೇಳಿದ್ದಾರೆ. ಈ ಸಿಟ್ಟಿಗೆ ನಮ್ಮ ದೇಶದಲ್ಲಿ ಕಾರಣಗಳಿವೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಇಲ್ಲಿ ಎರಡು ಬೇರೆ ಬೇರೆ ವಿಷಯಗಳನ್ನು ಅವರು ಒಂದೇ ಗಂಟಿನಲ್ಲಿ ಕಟ್ಟಿದ್ದಾರೆ. ಆಲ್‌ಪೋರ್ಟ್‌ಗೆ ರಾಮಿಪ್ರಿಲ್, ಉಪ್ಪು ಸೋರುವ ಬಾರ್ಟರ್ ಎಂಬ ಕಿಡ್ನಿ ಕಾಯಿಲೆಗೆ ಇಂಡೊಮೆಥಾಸಿನ್, ಇವು ಜಗತ್ತಿನ ಮಕ್ಕಳ ಕಿಡ್ನಿ ತಜ್ಞರು ದಶಕಗಳಿಂದ ಕೊಡುತ್ತ ಬಂದ ಚಿಕಿತ್ಸೆಗಳು. ಲಂಡನ್ನಿನ ಶ್ರೀಮಂತನ ಮಗನಿಗೂ ಇದೇ ಗುಳಿಗೆ. ಇನ್ನೂ ಪರೀಕ್ಷೆಯಾಗದ ಔಷಧವನ್ನು ಹೊಸ ರೋಗಕ್ಕೆ ನೋಡಬೇಕಾದರೆ ಅದು ಪ್ರಯೋಗ. ಅದಕ್ಕೆ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಿವೆ, ನೈತಿಕ ಸಮಿತಿ ಬೇಕು, ತಾಯ್ತಂದೆಯ ಒಪ್ಪಿಗೆ ಬೇಕು. ಆ ಗೆರೆಯನ್ನು ಅಳಿಸಬೇಕೆಂದು ನಾನು ಎಲ್ಲೂ ಬರೆದಿಲ್ಲ.

ಗೆರೆ ಯಾಕೆ ಬೇಕು ಎಂಬುದಕ್ಕೆ ನನ್ನ ಪಕ್ಷಕ್ಕೆ ಮುಜುಗರವಾಗುವ ಒಂದು ಕಥೆಯನ್ನೇ ಹೇಳುತ್ತೇನೆ. ಸುರೇಂದ್ರನಾಥ ಸೆಹಗಲ್ ಎಂಬ ನಮ್ಮ ದೇಶದ ವಿಜ್ಞಾನಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಕೆಲಸ ಮಾಡುತ್ತಿದ್ದಾಗ, ಈಸ್ಟರ್ ದ್ವೀಪದಿಂದ ತಂದ ಮಣ್ಣಿನಿಂದ ರಾಪಾಮೈಸಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಮೊದಲು ಅದು ಶಿಲೀಂಧ್ರ ಕೊಲ್ಲುವ ಔಷಧವೆಂದು ಕಂಡಿತು. ಮುಂದೆ ಕಿಡ್ನಿ ಕಸಿ ಮಾಡಿಸಿಕೊಂಡವರಿಗೆ, ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದಿರಲಿ ಎಂದು ಕೊಡತೊಡಗಿದರು. ಈ ಕಡೆ, ವಂಶದಲ್ಲಿ ಬರುವ ನೀರುಗುಳ್ಳೆಗಳ ಕಿಡ್ನಿ ಕಾಯಿಲೆ ಎ.ಡಿ.ಪಿ.ಕೆ.ಡಿ.ಯಲ್ಲಿ ಗುಳ್ಳೆ ಬೆಳೆಸುವ ಒಂದು ಸಂಕೇತಮಾರ್ಗವನ್ನೇ ಈ ಔಷಧ ತಡೆಯುತ್ತದೆಂದು ಗೊತ್ತಾಯಿತು. ಇಲಿಗಳಲ್ಲಿ ಫಲ ಚೆನ್ನಾಗಿತ್ತು. ಎಲ್ಲರಿಗೂ ಹುಮ್ಮಸ್ಸು. 2010ರಲ್ಲಿ ಸಿರೋಲಿಮಸ್ (ರಾಪಾಮೈಸಿನ್‌ನದೇ ಇನ್ನೊಂದು ಹೆಸರು) ಮತ್ತು ಅದರ ತಮ್ಮನಂತಿರುವ ಎವರೋಲಿಮಸ್, ಎರಡರ ಮನುಷ್ಯ ಪ್ರಯೋಗಗಳೂ ಪ್ರಕಟವಾದವು. ಎವರೋಲಿಮಸ್ ತೆಗೆದುಕೊಂಡವರ ಕಿಡ್ನಿಯ ಗಾತ್ರ ಹಿಗ್ಗುವುದು ಸ್ವಲ್ಪ ನಿಧಾನವಾಗಿತ್ತು, ಆದರೆ ಕಿಡ್ನಿಯ ಕೆಲಸದಲ್ಲಿ ಲಾಭವಿಲ್ಲ. ಸಿರೋಲಿಮಸ್‌ನಲ್ಲಿ ಅದೂ ಇಲ್ಲ. ಅಡ್ಡ ಪರಿಣಾಮ ಮಾತ್ರ ಬೇಕಾದಷ್ಟು.

ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ಇನ್ನೊಂದು ವಂಶವಾಹಿ ಕಾಯಿಲೆಯಲ್ಲಿ ಕಿಡ್ನಿಯೊಳಗೆ ಗಡ್ಡೆಗಳು ಬೆಳೆದು ಒಂದು ದಿನ ಒಡೆದು ರಕ್ತ ಸುರಿಯುತ್ತದೆ. ಅದಕ್ಕೆ ಅದೇ ಎವರೋಲಿಮಸ್ ಕೊಟ್ಟಾಗ ಗಡ್ಡೆಗಳು ಕುಗ್ಗಿದವು. 2012ರಲ್ಲಿ ಅಮೆರಿಕದಲ್ಲಿ ಒಪ್ಪಿಗೆಯೂ ಸಿಕ್ಕಿತು. ಒಂದೇ ಔಷಧ, ಒಂದೇ ಸಂಕೇತಮಾರ್ಗ, ಕಿಡ್ನಿಯೇ ಎರಡರಲ್ಲೂ. ಒಂದರಲ್ಲಿ ಸೋಲು, ಒಂದರಲ್ಲಿ ಗೆಲುವು. ಕಾಗದದ ಮೇಲೆ ಸರಿಯಾಗಿ ಕಾಣುವ ತರ್ಕ ರೋಗಿಯ ಮೈಯಲ್ಲಿ ಸರಿಹೋಗುತ್ತದೆಂದು ಯಾರೂ ಭರವಸೆ ಕೊಡಲಾರರು. ಬಾರ್ಡೊಕ್ಸೊಲೋನ್ ಎಂಬುದರದೂ ಇದೇ ಪಾಡು. ಮಧುಮೇಹದ ಕಿಡ್ನಿ ರೋಗಕ್ಕೆ ಅದನ್ನು ಪರೀಕ್ಷಿಸುವಾಗ ಹೃದಯದ ತೊಂದರೆ ಕಂಡು 2012ರಲ್ಲಿ ನಿಲ್ಲಿಸಿದರು. ಆಮೇಲೆ ಆಲ್‌ಪೋರ್ಟ್‌ಗೆ ಎಂದು ತಂದರು. 2021ರ ಡಿಸೆಂಬರಿನಲ್ಲಿ ಅಮೆರಿಕದ ಸಲಹಾ ಸಮಿತಿ ಒಕ್ಕೊರಲಿನಿಂದ ಬೇಡವೆಂದಿತು. ಗೆಳೆಯರೇ, ನೀವು ಹೆದರುವ ಅಪಾಯ ನಿಜ. ಅದಕ್ಕೆ ಮದ್ದು ಪರೀಕ್ಷೆ ಮಾಡದಿರುವುದಲ್ಲ, ಸರಿಯಾಗಿ ಪರೀಕ್ಷೆ ಮಾಡುವುದು.

ಅಡ್ಡ ಪರಿಣಾಮದ ಮಾತು ಎತ್ತಿದವರು ಅನೇಕರು. ಅವರಲ್ಲಿ ಒಬ್ಬರು ಜಾಣತನದಿಂದ ಕೇಳಿದ್ದಾರೆ: "ನೋವಿನ ಗುಳಿಗೆ ತಿಂದು ಕಿಡ್ನಿ ಕೆಡಿಸಿಕೊಳ್ಳಬೇಡಿ ಅಂತ ನೀವೇ ಗೋಡೆಗೆ ಬರೆದು ಹಚ್ಚೀರಿ. ಇಂಡೊಮೆಥಾಸಿನ್ ನೋವಿನ ಗುಳಿಗೆ ಅಲ್ಲೇನು?" ಹೌದು, ನೋವಿನ ಗುಳಿಗೆಯೇ. ಬಾರ್ಟರ್ ಕಾಯಿಲೆಯ ಮಗುವಿನ ಕಿಡ್ನಿ ಉಪ್ಪನ್ನೂ ಪೊಟ್ಯಾಸಿಯಂ ಅನ್ನೂ ಸೋರಿಬಿಡುತ್ತದೆ, ಪ್ರೋಸ್ಟಗ್ಲಾಂಡಿನ್ ಎಂಬ ವಸ್ತುವನ್ನು ವಿಪರೀತ ತಯಾರಿಸುತ್ತದೆ. ಗುಳಿಗೆ ಅದನ್ನು ತಗ್ಗಿಸುತ್ತದೆ, ಸೋರಿಕೆ ಕಡಿಮೆಯಾಗುತ್ತದೆ, ಮಗು ಬೆಳೆಯುತ್ತದೆ. ಸರಿಯಿರುವ ಕಿಡ್ನಿಗೆ ಕೆಡುಕು ಮಾಡುವ ಗುಣವೇ ಇಲ್ಲಿ ಬೇಕಾದ ಗುಣ. ಆದರೂ ಹೊಟ್ಟೆಯಲ್ಲಿ ಹುಣ್ಣಾಗಬಹುದು, ದೀರ್ಘಕಾಲದಲ್ಲಿ ಕಿಡ್ನಿಗೂ ಪೆಟ್ಟಾಗಬಹುದು. ರಕ್ತ ಪರೀಕ್ಷೆ ತಪ್ಪಿಸುವ ಹಾಗಿಲ್ಲ. ರಾಮಿಪ್ರಿಲ್‌ನಲ್ಲಿ ಪೊಟ್ಯಾಸಿಯಂ ಏರಬಹುದು, ಒಣ ಕೆಮ್ಮು ಬರಬಹುದು. ಹುಡುಗನಿಗೆ ವಾಂತಿ-ಭೇದಿ ಶುರುವಾದರೆ ಅದು ನಿಲ್ಲುವವರೆಗೆ ಗುಳಿಗೆ ತಡೆದು ಡಾಕ್ಟರನ್ನು ಕೇಳಬೇಕು, ಇಲ್ಲವಾದರೆ ಕಿಡ್ನಿ ದಿಢೀರನೆ ಕೈಕೊಡುತ್ತದೆ. ಇದೇ ಜೀನ್ ಹೊತ್ತ ಹೆಣ್ಣುಮಕ್ಕಳಿಗೂ ಪ್ರೋಟೀನ್ ಸೋರುವಾಗ ಈ ಗುಳಿಗೆ ಕೊಡುತ್ತಾರೆ. ಬಸಿರಾದರೆ ಅದು ಕೂಸಿಗೆ ಅಪಾಯ, ಆದ್ದರಿಂದ ಮದುವೆ ನಿಶ್ಚಯವಾದ ಕೂಡಲೇ ಡಾಕ್ಟರಿಗೆ ತಿಳಿಸಬೇಕು. ನಮ್ಮ ಕಡೆ ಮಾತ್ರ ಮದುವೆ ನಿಶ್ಚಯವಾದರೆ ಮೊದಲು ಮಾಡುವ ಕೆಲಸ ಗುಳಿಗೆಯ ಹಾಳೆಯನ್ನು ಬೀಗರ ಕಣ್ಣಿಗೆ ಬೀಳದಂತೆ ಬಚ್ಚಿಡುವುದು.

ಎಲ್ಲ ಹಳೆಯ ಔಷಧವೂ ಎಲ್ಲ ಊರಿಗೂ ಹೊಂದುವುದಿಲ್ಲ ಎನ್ನುವುದಾದರೆ ಅದು ನನ್ನದೂ ಮಾತು. ಟಾಲ್ವಾಪ್ಟಾನ್ ನೋಡಿ. ರಕ್ತದಲ್ಲಿ ಸೋಡಿಯಂ ಕುಸಿದವರಿಗೆಂದು 2009ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಔಷಧ. 2012ರಲ್ಲಿ 1,445 ಎ.ಡಿ.ಪಿ.ಕೆ.ಡಿ. ರೋಗಿಗಳ ಅಧ್ಯಯನ ಬಂತು, ವರ್ಷಕ್ಕೆ ಶೇ. 5.5ರಷ್ಟು ಹಿಗ್ಗುತ್ತಿದ್ದ ಕಿಡ್ನಿ ಔಷಧದಿಂದ ಶೇ. 2.8ರಷ್ಟೇ ಹಿಗ್ಗಿತು. 2014ರಲ್ಲಿ ಜಪಾನ್, 2018ರಲ್ಲಿ ಅಮೆರಿಕ ಈ ಕಾಯಿಲೆಗೂ ಒಪ್ಪಿಗೆ ಕೊಟ್ಟವು. ಆದರೆ ಇದನ್ನು ತೆಗೆದುಕೊಂಡವರು ದಿನಕ್ಕೆ ಐದಾರು ಲೀಟರ್ ಮೂತ್ರ ಮಾಡುತ್ತಾರೆ, ಅಷ್ಟೇ ನೀರು ಕುಡಿಯಬೇಕು, ಯಕೃತ್ತಿಗೆ ಪೆಟ್ಟಾಗಿದೆಯೇ ಎಂದು ಶುರುವಿನಲ್ಲಿ ತಿಂಗಳು ತಿಂಗಳಿಗೂ ರಕ್ತ ನೋಡಿಸಬೇಕು. ಏಪ್ರಿಲ್ ಬಿಸಿಲಿನಲ್ಲಿ ಕೂಲಿಗೆ ಹೋಗುವ ಹೆಣ್ಣುಮಗಳು, ಸುತ್ತ ಮರೆಯೇ ಇಲ್ಲದ ಎರೆ ಹೊಲದಲ್ಲಿ, ಗಂಟೆಗೊಮ್ಮೆ ಎಲ್ಲಿಗೆ ಹೋಗಬೇಕು? ಇಂಥ ಕಡೆ ಬಿ.ಪಿ. ಹಿಡಿತದಲ್ಲಿಡಿ, ಉಪ್ಪು ಕಡಿಮೆ ಮಾಡಿ ಎಂದಷ್ಟೇ ಹೇಳುವ ಡಾಕ್ಟರನ್ನು ನಾನು ದೂರುವುದಿಲ್ಲ.

ಇನ್ನು ಕಂಪನಿಗಳ ಹುನ್ನಾರದ ಆರೋಪ. ಹಳೆಯ ಸರಕನ್ನು ಹೊಸ ಹೆಸರಿನಲ್ಲಿ ಮಾರಲು ಮಾಡಿದ ಉಪಾಯವಿದು, ನೀವು ಅದಕ್ಕೆ ದನಿಗೂಡಿಸಿದ್ದೀರಿ ಎಂದು ಒಬ್ಬ ಮಾಸ್ತರು ಬರೆದಿದ್ದಾರೆ. ರಾಮಿಪ್ರಿಲ್, ಅಲೋಪ್ಯೂರಿನಾಲ್‌ಗಳ ಮಟ್ಟಿಗೆ ಇದು ತಿರುಗುಮುರುಗು. ನಮ್ಮ ಪೇಟೆಂಟ್ ಕಾಯ್ದೆಯ ಕಲಂ 3(ಡಿ) ಪ್ರಕಾರ ಗೊತ್ತಿರುವ ವಸ್ತುವಿಗೆ ಹೊಸ ಉಪಯೋಗ ಕಂಡುಹಿಡಿದ ಮಾತ್ರಕ್ಕೆ ಪೇಟೆಂಟ್ ಸಿಗುವುದಿಲ್ಲ. ಹತ್ತು ಕಂಪನಿ ತಯಾರಿಸುವ ಅಗ್ಗದ ಗುಳಿಗೆಗೆ ಹೊಸ ರೋಗವೊಂದು ಸೇರಿದರೆ ಯಾರಿಗೂ ಹೇಳಿಕೊಳ್ಳುವ ಲಾಭವಿಲ್ಲ. ನನ್ನ ಅಂಗಡಿಗೆ ಬರುವ ಔಷಧ ಪ್ರತಿನಿಧಿಗಳು ಆಲ್‌ಪೋರ್ಟ್ ಹೆಸರು ಹೇಳಿದ್ದನ್ನು ನಾನು ಕೇಳಿಲ್ಲ. ಕಂಪನಿಗಳಿಗೆ ಆಸಕ್ತಿ ಇಲ್ಲದಿರುವುದೇ ಇಲ್ಲಿನ ನಿಜವಾದ ರೋಗ, ಅದಕ್ಕೇ ಇಂಥ ಪರೀಕ್ಷೆಗಳಿಗೆ ಸರ್ಕಾರದ ದುಡ್ಡು ಬೇಕು.

ಆದರೆ ಮಾಸ್ತರ ಮಾತನ್ನು ನಾನು ಬಹುಪಾಲು ಒಪ್ಪುವ ಜಾಗವೂ ಒಂದಿದೆ: ಸಿಸ್ಟಿಯಾಮಿನ್. ಇದು ಸರಳ ರಾಸಾಯನಿಕ. 1950ರ ದಶಕದಲ್ಲಿ ವಿಕಿರಣದಿಂದ ದೇಹವನ್ನು ಕಾಯಲು ಬರುತ್ತದೆಯೇ ಎಂದು ನೋಡಿದ್ದರು. 1970ರ ದಶಕದಲ್ಲಿ ಪ್ಯಾರಸಿಟಮಾಲ್ ವಿಪರೀತ ನುಂಗಿದವರಿಗೆ ಪ್ರತಿವಿಷವಾಗಿ ಕೊಟ್ಟರು. 1976ರಲ್ಲಿ ಥೀನ್ ಮತ್ತು ಸಂಗಡಿಗರು ಸಿಸ್ಟಿನೋಸಿಸ್ ಎಂಬ ಕಾಯಿಲೆಯ ಜೀವಕೋಶಗಳಲ್ಲಿ ತುಂಬಿಕೊಂಡ ಸಿಸ್ಟಿನ್ ಅನ್ನು ಇದು ಬರಿದು ಮಾಡುತ್ತದೆಂದು ಕಂಡುಕೊಂಡರು. ಆ ಕಾಯಿಲೆಯ ಮಕ್ಕಳು ಔಷಧವಿಲ್ಲದಿದ್ದರೆ ಹತ್ತು ವರ್ಷದ ಆಸುಪಾಸಿಗೆ ಕಿಡ್ನಿ ಕಳೆದುಕೊಳ್ಳುತ್ತಾರೆ. ಕಣ್ಣಿನ ಮೇಲೂ ಹರಳು ಕೂತು ಬೆಳಕು ನೋಡಲಾಗುವುದಿಲ್ಲ. 1994ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಆರು ಗಂಟೆಗೊಮ್ಮೆ ಕೊಡಬೇಕು, ನಡುರಾತ್ರಿ ಮಗುವನ್ನು ಎಬ್ಬಿಸಿ ಕೊಡಬೇಕು. ಉಸಿರಿಗೂ ಬೆವರಿಗೂ ಕೊಳೆತ ಮೊಟ್ಟೆಯ ವಾಸನೆ ಬರುವುದರಿಂದ ಶಾಲೆಯಲ್ಲಿ ಪಕ್ಕ ಕೂರುವವರಿರುವುದಿಲ್ಲ. 2013ರಲ್ಲಿ ಹನ್ನೆರಡು ಗಂಟೆಗೊಮ್ಮೆ ಕೊಟ್ಟರೆ ಸಾಕಾಗುವ ರೂಪ ಬಂತು. ಒಳಗಿನ ರಾಸಾಯನಿಕ ಅದೇ ಹಳೆಯದು, ಬೆಲೆ ಮಾತ್ರ ಆಗ ವರ್ಷಕ್ಕೆ ಸುಮಾರು ಎರಡೂವರೆ ಲಕ್ಷ ಡಾಲರ್ ಇತ್ತು! ಅಗ್ಗದ ವಸ್ತು ಅಪರೂಪದ ರೋಗದ ಹಣೆಪಟ್ಟಿ ಹಚ್ಚಿಕೊಂಡ ಕೂಡಲೇ ಚಿನ್ನವಾಗಬಲ್ಲದು. ಹಾವೇರಿ ಜಿಲ್ಲೆಯ ಯಾವ ಮಗುವಿಗಾದರೂ ಇದು ಬೇಕಾದರೆ ನನ್ನಂಥ ಅಂಗಡಿಯವನ ಕೈಯಲ್ಲಿ ಏನೂ ಇಲ್ಲ. ತಾಯಿ ಯಲವಿಗಿಯಲ್ಲಿ ಗಾಡಿ ಹತ್ತಿ ಬೆಂಗಳೂರಿಗೇ ಹೋಗಬೇಕು. ಇಲ್ಲಿ ಮಾಸ್ತರ ಸಿಟ್ಟು ನ್ಯಾಯವಾದದ್ದು. ಅವರು ಅದನ್ನು ಬೆಲೆಯ ಮೇಲೆ ತೋರಿಸಲಿ, ಔಷಧದ ಮೇಲಲ್ಲ.

"ಜೀನ್ ಚಿಕಿತ್ಸೆ ಬರೂ ಕಾಲದಾಗ ಹಳೇ ಗುಳಗಿ ಯಾಕ, ಕಾಯೋಣು" ಎಂದವರಿಗೆ: ಕಾಯುವವರು ನೀವು, ಕ್ಷಣಕ್ಷಣಕ್ಕೂ ಸೋಸುಗಂಟು ಕಳೆದುಕೊಳ್ಳುವವನು ಹುಡುಗ. ಒಂದೊಂದು ಕಿಡ್ನಿಯಲ್ಲಿ ಸುಮಾರು ಹತ್ತು ಲಕ್ಷ ಇರುತ್ತವೆ, ಹೋದದ್ದು ಮತ್ತೆ ಹುಟ್ಟುವುದಿಲ್ಲ. ಪ್ರೈಮರಿ ಹೈಪರ್‌ಆಕ್ಸಲೂರಿಯಾ ಎಂಬ ಕಲ್ಲಿನ ಕಾಯಿಲೆಗೆ ಹೊಸ ಚುಚ್ಚುಮದ್ದು ಲುಮಾಸಿರಾನ್ 2020ರಲ್ಲಿ ಬಂದಿದೆ, ಒಳ್ಳೆಯ ಔಷಧವೇ. ಬೆಲೆ ಕೋಟಿಗಳ ಲೆಕ್ಕದಲ್ಲಿದೆ. ಅದೇ ಕಾಯಿಲೆಯಲ್ಲಿ ಕೆಲವು ಬಗೆಯ ಜೀನ್ ದೋಷವಿರುವವರಿಗೆ ಬಿ6 ಜೀವಸತ್ವದ ಗುಳಿಗೆಯಿಂದಲೇ ಆಕ್ಸಲೇಟ್ ಇಳಿಯುತ್ತದೆ. ಯಾರಿಗೆ ಬಿ6 ಸಾಕು ಎಂದು ಮೊದಲು ನೋಡದೆ ಕೋಟಿಯ ಕಡೆ ಕತ್ತೆತ್ತಿ ಕೂರುವುದು ಯಾವ ಲೆಕ್ಕ?

ಒಬ್ಬಿಬ್ಬರಿಗಾಗಿ ಇಷ್ಟು ಮಾತು ಯಾಕೆ, ನಮ್ಮಲ್ಲಿ ಇಂಥ ರೋಗವೇ ಇಲ್ಲ ಎಂದು ಬರೆದವರೂ ಇದ್ದಾರೆ. ನಮ್ಮಲ್ಲಿ ಇಲ್ಲ ಎನ್ನುವುದು ಹುಡುಕದವರ ಮಾತು. ಹಿರೇಕೆರೂರು ದಾಟಿದರೆ ಶಿವಮೊಗ್ಗ ಜಿಲ್ಲೆ. ಅಲ್ಲಿನ ಸಾಗರ ತಾಲೂಕಿನ ಹಂದಿಗೋಡಿನಲ್ಲಿ ಮೂಳೆ-ಕೀಲು ಸವೆಯುವ ವಂಶವಾಹಿ ಕಾಯಿಲೆಯನ್ನು 1970ರ ದಶಕದಲ್ಲಿ ಗುರುತಿಸುವವರೆಗೆ ಅದೂ ಯಾರಿಗೂ ಇರಲಿಲ್ಲ. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿರಾವ್ ಅವರ ತಂಡ ಕರ್ನಾಟಕದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ರಕ್ತ ಪರೀಕ್ಷಿಸಿತು. ಅಮೈನೋ ಆಮ್ಲಗಳ ವಂಶವಾಹಿ ದೋಷಗಳು ಪುಸ್ತಕದ ವಿಷಯವಲ್ಲ, ನಮ್ಮ ಮನೆಗಳಲ್ಲೇ ಇವೆ ಎಂದು ಆಗ ತಿಳಿಯಿತು. ನಮ್ಮ ರಾಜ್ಯದಲ್ಲಿ ನಾಲ್ಕರಲ್ಲಿ ಒಂದರಷ್ಟು ಮದುವೆಗಳು ಇಂದಿಗೂ ರಕ್ತಸಂಬಂಧದಲ್ಲೇ ಆಗುತ್ತವೆ. ಸಿಸ್ಟಿನೋಸಿಸ್, ಬಾರ್ಟರ್ ಮುಂತಾದ, ತಾಯಿ-ತಂದೆ ಇಬ್ಬರಿಂದಲೂ ದೋಷ ಬಂದರೆ ಮಾತ್ರ ಕಾಣುವ ಕಾಯಿಲೆಗಳಿಗೆ ಇದರಿಂದ ದಾರಿ ಸಲೀಸು. ಹಾಗೆಂದು ಎಲ್ಲದಕ್ಕೂ ಅಕ್ಕನ ಮಗಳನ್ನು ತಂದದ್ದೇ ಕಾರಣ ಎಂದು ಸೊಸೆಯನ್ನು ಚುಚ್ಚುವವರಿಗೂ ಒಂದು ಮಾತು. ಎಕ್ಸ್ ವರ್ಣತಂತುವಿನ ಆಲ್‌ಪೋರ್ಟ್‌ಗೂ ಎ.ಡಿ.ಪಿ.ಕೆ.ಡಿ.ಗೂ ಸೋದರಿಕೆಯ ಮದುವೆಗೂ ಸಂಬಂಧವಿಲ್ಲ. ದೂರದ ಊರಿನಿಂದ ಹೆಣ್ಣು ತಂದರೂ ಅವು ಬರುತ್ತವೆ.

ನಾಟಿ ಔಷಧವಿರುವಾಗ ಇದೆಲ್ಲ ಯಾಕೆ ಎಂಬ ಪತ್ರಕ್ಕೆ ಉತ್ತರ ಸಣ್ಣದು. 1993ರಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲೆಂದು ಗಿಡಮೂಲಿಕೆ ನುಂಗಿದ ಹೆಂಗಸರ ಕಿಡ್ನಿಗಳೇ ಹೋದದ್ದು ವರದಿಯಾಯಿತು. ಕಾರಣ ಅದರಲ್ಲಿದ್ದ ಅರಿಸ್ಟೊಲೋಕಿಕ್ ಆಮ್ಲ. ಗಿಡದ್ದು ಎಂಬ ಕಾರಣಕ್ಕೆ ಕಿಡ್ನಿ ಯಾವುದನ್ನೂ ಮನ್ನಿಸುವುದಿಲ್ಲ.

ಕೊನೆಗೆ ಹಾವೇರಿ ಕಡೆಯ ಆ ಡಾಕ್ಟರು ಕೇಳಿದ ಪ್ರಶ್ನೆ: "ಎಲ್ಲ ಸರಿ, ನೀವು ಸರ್ಕಾರಕ್ಕೆ ಕೇಳುವುದಾದರೂ ಏನು? ಪ್ರತಿ ಮಗುವಿಗೂ ಜೀನ್ ಪರೀಕ್ಷೆಯೇ?" ಅಲ್ಲ. 2021ರ ರಾಷ್ಟ್ರೀಯ ಅಪರೂಪ ರೋಗಗಳ ನೀತಿಯಲ್ಲಿ ಒಬ್ಬ ರೋಗಿಗೆ 20 ಲಕ್ಷದವರೆಗೆ ನೆರವಿತ್ತು, 2022ರಲ್ಲಿ ಅದನ್ನು 50 ಲಕ್ಷಕ್ಕೆ ಏರಿಸಿದರು. ಎ.ಡಿ.ಪಿ.ಕೆ.ಡಿ.ಯಂಥವಕ್ಕೆ ಕಿಡ್ನಿ ಕಸಿಗೂ ಅದರಲ್ಲಿ ಜಾಗವಿದೆ. ಒಳ್ಳೆಯದೇ. ಆದರೆ ಕಸಿಯ ಹಣ ಬರುವುದು ಕಿಡ್ನಿ ಹೋದ ಮೇಲೆ. ಜಪಾನಿನಲ್ಲಿ 1974ರಿಂದ ಶಾಲೆಯ ಎಲ್ಲ ಮಕ್ಕಳ ಮೂತ್ರ ಪರೀಕ್ಷೆ ಮಾಡುತ್ತ ಬಂದಿದ್ದಾರೆ. ಅಮೆರಿಕದ ಮಕ್ಕಳ ತಜ್ಞರು 2007ರಲ್ಲಿ ಎಲ್ಲರಿಗೂ ಬೇಕಿಲ್ಲ ಎಂದರು. ಆ ವಾದಕ್ಕೆ ನಾನು ಹೋಗುವುದಿಲ್ಲ. ನಾನು ಕೇಳುವುದು ಅದಕ್ಕಿಂತ ಬಹಳ ಸಣ್ಣದು.

ತಾಲೂಕು ಆಸ್ಪತ್ರೆಗಳಲ್ಲಿ ಈಗ ಡಯಾಲಿಸಿಸ್ ನಡೆಯುತ್ತದೆ. ಅಲ್ಲಿ ಮಲಗಿದವರಲ್ಲಿ 40 ವರ್ಷದೊಳಗಿನವರು, ಸಕ್ಕರೆ ಕಾಯಿಲೆಯಾಗಲಿ ಬೇರೆ ಸ್ಪಷ್ಟ ಕಾರಣವಾಗಲಿ ಇಲ್ಲದವರು ಯಾರಿದ್ದಾರೋ ಅವರ ಪಟ್ಟಿ ಮಾಡಿ. ಅವರ ಮಕ್ಕಳು, ಒಡಹುಟ್ಟಿದವರು, ಅಕ್ಕ-ತಂಗಿಯರ ಮಕ್ಕಳು ಯಾವ ಊರಲ್ಲಿದ್ದಾರೆಂದು ಕೇಳಿ ಬರೆದುಕೊಳ್ಳಿ. ನಾಲ್ಕು ಗಂಟೆ ಮಲಗಿರುವ ರೋಗಿ ಹೆಸರುಗಳನ್ನು ತಾನೇ ಹೇಳುತ್ತಾನೆ, ಇನ್ನೊಂದು ಸರ್ವೆ ಬೇಕಿಲ್ಲ. ಆ ಊರಿನ ಆಶಾ ಕಾರ್ಯಕರ್ತೆಯ ಕೈಗೆ ಮೂತ್ರದಲ್ಲಿ ಅದ್ದಿ ನೋಡುವ ಪರೀಕ್ಷಾ ಪಟ್ಟಿ ಕೊಡಿ; ರಕ್ತ ಇದೆಯೋ, ಪ್ರೋಟೀನ್ ಇದೆಯೋ ಎಂದು ಬಣ್ಣ ನೋಡಿ ಒಂದೆರಡು ನಿಮಿಷದಲ್ಲಿ ಹೇಳಬಹುದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ಮಕ್ಕಳ ಕಿವಿ ಹೇಗೂ ನೋಡುತ್ತದೆ; ಕಿವಿ ಮಂದವಿರುವ ಹುಡುಗನ ಮೂತ್ರವನ್ನೂ ಅವತ್ತೇ ನೋಡಲಿ. ಮೂತ್ರದಲ್ಲಿ ರಕ್ತವಾಗಲಿ ಪ್ರೋಟೀನ್ ಆಗಲಿ ಕಂಡರೆ ಮಗುವನ್ನು ಹುಬ್ಬಳ್ಳಿಗೆ ಕಳಿಸಲಿ, ಜೀನ್ ಪರೀಕ್ಷೆ ಬೇಕೋ ಬೇಡವೋ ಅಲ್ಲಿಯ ತಜ್ಞರು ತೀರ್ಮಾನಿಸುತ್ತಾರೆ. ಪಟ್ಟಿಯ ಡಬ್ಬಿ ಒಮ್ಮೆ ತೆರೆದರೆ ತೇವ ತಾಗದಂತೆ ಮುಚ್ಚಳ ಬಿಗಿಯಾಗಿ ಹಾಕಿಡಬೇಕು, ತಾರೀಖು ಮುಗಿದದ್ದನ್ನು ಬಳಸಬಾರದು. ಮಳೆಗಾಲದಲ್ಲಿ ಹಾನಗಲ್ ಕಡೆಯ ಊರುಗಳಿಗೆ ಕೊಡುವಾಗ ಇದನ್ನು ಎರಡು ಸಲ ಹೇಳಬೇಕಾಗುತ್ತದೆ.